ಪಾಸ್‌ವರ್ಡ್ ಇಲ್ದ ರಿಮೋಟ್ ಲಾಗಿನ್: ಯಾವ ದಾರಿ ಯಾರಿಗೆ ಸರಿ?

ಆಫೀಸಿನ್ಯಾಗ ಒಂದು ಲಿನಕ್ಸ್ ಮಷಿನ್ ಐತಿ, ಕೈಯಾಗ ಒಂದು ಲ್ಯಾಪ್‌ಟಾಪ್ ಐತಿ, ದೂರದ ಮಷಿನ್‌ಗೆ ಲಾಗಿನ್ ಆಗಾಕ ಎಸ್‌ಎಸ್‌ಎಚ್ ಮಾಡುವಾಗೆಲ್ಲ ಪಾಸ್‌ವರ್ಡ್ ಹೊಡದು ಹೊಡದು ಬ್ಯಾಸರಾಗೈತಿ, ಸೀದಾ ಒಳಗ ಹೋಗೂಹಂಗ ಮಾಡ್ಕೊಳ್ಳೋದು ಹೆಂಗ ಅಂತ ಕೇಳೋರು ನಮ್ಮ ಬೆಳಗಾವಿ, ಬಾಗಲಕೋಟ, ವಿಜಯಪುರ ಕಡೆ ಭಾಳ ಮಂದಿ ಅದಾರ. ನೆಟ್‌ನ್ಯಾಗ ಹುಡುಕಿದ್ರ ಒಬ್ರು ಕೀ ಮಾಡ್ರಿ, ಆ ಕೀಗೆ ಹಾಕೋ ಗುಟ್ಟಿನ ಸಾಲು, ಅಂದ್ರ ಪಾಸ್‌ಫ್ರೇಸ್, ಖಾಲಿ ಬಿಡ್ರಿ ಅಂತಾರ, ಇನ್ನೊಬ್ರು ಖಾಲಿ ಬಿಟ್ರ ಮುಗೀತು ಕತಿ ಅಂತಾರ, ಮತ್ತೊಬ್ರು ಯುಬಿಕೀ ಅನ್ನೋ ಯುಎಸ್‌ಬಿ ಸಾಧನ ತಗೋರಿ ಅಂತಾರ, ಮಗದೊಬ್ರು ಮಷಿನ್‌ಗಳನ್ನ ಒಂದ ಖಾಸಗಿ ನೆಟ್‌ವರ್ಕ್‌ಗೆ ಸೇರಿಸೋ ಟೇಲ್‌ಸ್ಕೇಲ್ ಹಾಕ್ಕೊಂಡ್ರ ಯಾವ ಕೀನೂ ಬ್ಯಾಡ ಅಂತಾರ. ಇವ್ರು ಯಾರೂ ಸುಳ್ಳು ಹೇಳಾಕತ್ತಿಲ್ಲ, ಒಬ್ಬೊಬ್ರ ಕೆಲಸ ಒಂದೊಂದು ನಮೂನಿ ಇರ್ತೈತಿ ಅಷ್ಟ. ಹಂಗಾಗಿ ದಾರಿ ಆರಿಸೋಕ್ಕಿಂತ ಮೊದ್ಲ ನಿಮ್ಮ ಕೆಲಸ ಯಾವ ನಮೂನಿ ಅಂತ ನೋಡ್ಕೊಳ್ರಿ.

ಒಳಗ ಏನ್ ನಡೀತೈತಿ ಅಂತ ಎರಡು ಮಾತು. ಒಂದು ಜೋಡಿ ಫೈಲ್ ಹುಟ್ಟಸ್ತೀವಿ, ಪಬ್ಲಿಕ್ ಕೀ ಅನ್ನೋದು ಕೀಲಿ ಇದ್ದಂಗ, ಅದನ್ನ ಯಾವ ಮಷಿನ್‌ಗೆ ಬೇಕಾದ್ರೂ ಹಾಕಬಹುದು, ಪ್ರೈವೇಟ್ ಕೀ ಅನ್ನೋದು ಕೀಲಿಕೈ, ಅದು ನಿಮ್ಮ ಹತ್ರನ ಇರ್ಬೇಕು. ಲಾಗಿನ್ ಆಗುವಾಗ ನಿಮ್ಮ ಲ್ಯಾಪ್‌ಟಾಪ್ ಪ್ರೈವೇಟ್ ಕೀಲೆ ಒಂದು ಡಿಜಿಟಲ್ ಸಹಿ ಮಾಡಿ ಕಳಸ್ತೈತಿ, ಆ ಕಡೆ ಮಷಿನ್ ತನ್ನ ಹತ್ರ ಇರೋ ಪಬ್ಲಿಕ್ ಕೀ ಹಿಡ್ದು ಸಹಿ ತಾಳಿ ನೋಡ್ತೈತಿ. ಪಾಸ್‌ವರ್ಡ್ ಆದ್ರ ಆ ಕಡೆ ಮಷಿನ್‌ಗೆ ಹೋಗಿ ಮುಟ್ತೈತಿ, ಅದು ನಕಲಿ ಸರ್ವರ್ ಆಗಿದ್ರ ಅವರ ಕೈಗೆ ಸಿಕ್ಕಂಗನ. ಪ್ರೈವೇಟ್ ಕೀ ಮಾತ್ರ ಎಲ್ಲೂ ಹೋಗಂಗಿಲ್ಲ. ಮ್ಯಾಲ ಎಸ್‌ಎಸ್‌ಎಚ್ ಬಳಸೋ 22ನೇ ಪೋರ್ಟ್ ಇಂಟರ್ನೆಟ್‌ಗೆ ತೆರದಿಟ್ರಂತೂ ಹಗಲೂ ರಾತ್ರಿ ಬಾಟ್‌ಗಳು, ಅಂದ್ರ ತಾವ ಓಡೋ ಪ್ರೋಗ್ರಾಂಗಳು ಬಂದು ಪಾಸ್‌ವರ್ಡ್ ಊಹಿಸ್ತಾನ ಇರ್ತಾವ, ಲಾಗ್ ತೆರದು ನೋಡಿದ್ರ ಸಾಲುಸಾಲು ಕಾಣ್ತಾವ.

ಮೊದ್ಲ ಇವನ್ನ ಕೇಳ್ಕೊಳ್ರಿ

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಲಾಗಿನ್ ಆಗೋದು ಮನುಷ್ಯಾನೋ ಸ್ಕ್ರಿಪ್ಟೋ? ಕೀಬೋರ್ಡ್ ಮುಂದ ಮನುಷ್ಯ ಕುಂತಿದ್ರ ದಿನಕ್ಕ ಒಂದು ಸಲ ಪಾಸ್‌ಫ್ರೇಸ್ ಹೊಡಿಯೋದು ಏನೂ ತ್ರಾಸಲ್ಲ, ಆದ್ರ ರಾತ್ರಿ 2 ಗಂಟೆಕ ಓಡೋ ಬ್ಯಾಕಪ್ ಸ್ಕ್ರಿಪ್ಟ್‌ಗೆ ಯಾರೂ ಎದ್ದು ಬಂದು ಹೊಡಿಯಂಗಿಲ್ಲ. ಭಾಳ ಮಂದಿ ಈ ಎರಡಕ್ಕೂ ಒಂದ ಕೀ ಬಳಸ್ತಾರ, ಗೊಂದಲ ಎಲ್ಲಾ ಅಲ್ಲಿಂದನ ಸುರು ಆಗ್ತೈತಿ.

ಎರಡನೇದು, ಲ್ಯಾಪ್‌ಟಾಪ್ ಕಳುವಾದ್ರ ಏನಾಗ್ತೈತಿ? ಬಸ್‌ನ್ಯಾಗ ಬ್ಯಾಗ್ ಬಿಟ್ಟು ಇಳಿಯೋರು ಇರ್ತಾರ, ರಿಪೇರಿಗಂತ ಅಂಗಡ್ಯಾಗ ಹಾರ್ಡ್‌ಡಿಸ್ಕ್ ಸಮೇತ ಕೊಟ್ಟು ಬರೋರು ಇನ್ನೂ ಭಾಳ ಅದಾರ. ಮೂರನೇದು ಮಂದಿ ಎಷ್ಟು, ಮಷಿನ್ ಎಷ್ಟು, ಮತ್ತ ಒಬ್ಬಾಂವ ಕೆಲಸ ಬಿಟ್ಟು ಹೋದ ದಿನ ಅಂವನ್ನ ಎಲ್ಲಾ ಮಷಿನ್‌ನಿಂದ ತೆಗಿಯಾಕ ಎಷ್ಟು ಹೊತ್ತು ಹಿಡೀತೈತಿ ಅನ್ನೋದು. ಆಮ್ಯಾಲ ಆ ಮಷಿನ್‌ಗೆ ಹೊರಗಿನಿಂದ ಹೋಗಾಕ ದಾರಿ ಐತೋ ಇಲ್ಲೋ ನೋಡ್ಬೇಕು, ಇದನ್ನ ನಮ್ಮ ಮಂದಿ ಕಡೀಕ ನೋಡ್ತಾರ, ನೋಡಿ ಅಲ್ಲೇ ಸಿಕ್ಕೊಳ್ತಾರ. ರೊಕ್ಕದ ಮಾತು ಅಂದ್ರ, ಇಲ್ಲಿ ಹೇಳೋದ್ರೊಳಗ ಹಾರ್ಡ್‌ವೇರ್ ಕೀ, ಬಾಡಿಗಿ ಸರ್ವರ್ ಬಿಟ್ರ ಉಳಿದದ್ದು ಪುಕ್ಕಟೆ ಸುರು ಮಾಡಬಹುದು, ಖರ್ಚಾಗೋದು ನಿಮ್ಮ ಟೈಮ್.

ಪಾಸ್‌ಫ್ರೇಸ್ ಇರೋ ಕೀ, ಜೋಡಿಗೆ ಏಜೆಂಟ್

ಕೀಬೋರ್ಡ್ ಮುಂದ ಕುಂತು ಕೆಲಸ ಮಾಡೋರಿಗೆ ನಾ ಮೊದ್ಲ ಹೇಳೋದು ಇದ. ಎಸ್‌ಎಸ್‌ಎಚ್-ಕೀಜೆನ್ ಓಡಿಸಿ ಇಡಿ25519 ನಮೂನಿ ಕೀ ಮಾಡ್ರಿ, ಪಾಸ್‌ಫ್ರೇಸ್ ಕೇಳಿದಾಗ ಎಂಟರ್ ಒತ್ತಿ ಮುಂದ ಹೋಗಬ್ಯಾಡ್ರಿ, ನಿಮಗಷ್ಟ ನೆನಪಿರೋ ಒಂದು ಉದ್ದನ ಸಾಲು ಹಾಕ್ರಿ. ಆಮ್ಯಾಲ ಎಸ್‌ಎಸ್‌ಎಚ್-ಕಾಪಿ-ಐಡಿಲೆ ಪಬ್ಲಿಕ್ ಕೀನ ಆ ಕಡೆ ಮಷಿನ್‌ಗೆ ಕಳಿಸ್ರಿ.

ಮತ್ತ ಪಾಸ್‌ಫ್ರೇಸ್ ಹೊಡಿಯೋದಿದ್ರ ಪಾಸ್‌ವರ್ಡ್ ಏನ್ ಕಡಿಮಿ ಇತ್ತು ಅಂತ ಕೇಳ್ತಾರ. ಅದಕ್ಕ ಏಜೆಂಟ್ ಇರೋದು. ಮುಂಜಾನೆ ಒಮ್ಮೆ ಎಸ್‌ಎಸ್‌ಎಚ್-ಆಡ್ ಮಾಡಿ ಪಾಸ್‌ಫ್ರೇಸ್ ಕೊಟ್ರ ಬಿಚ್ಚಿದ ಕೀ ಏಜೆಂಟ್ ಹತ್ರ ಮೆಮೊರಿಯೊಳಗ ಕುಂದರ್ತೈತಿ, ಸಂಜೀತನಕ ಎಷ್ಟು ಮಷಿನ್‌ಗೆ ಹೋದ್ರೂ ಮತ್ತ ಕೇಳಂಗಿಲ್ಲ. ಟೈಮ್ ಮಿತಿನೂ ಹಾಕಬಹುದು, 8 ತಾಸು ಅಂತ ಕೊಟ್ರ ಅದಾದಮ್ಯಾಲ ತಾನ ಮರೀತೈತಿ. ಲ್ಯಾಪ್‌ಟಾಪ್ ಬಂದ್ ಇದ್ದಾಗ ಕಳುವಾತು ಅಂತ ಇಟ್ಕೊಳ್ರಿ, ಡಿಸ್ಕ್ ಬಿಚ್ಚಿ ಕೀ ಫೈಲ್ ತೆಗದ್ರೂ ಪಾಸ್‌ಫ್ರೇಸ್ ಇಲ್ದ ಅದು ಕೆಲಸಕ್ಕ ಬರಂಗಿಲ್ಲ, ಅಷ್ಟರಾಗ ನೀವು ಸರ್ವರ್‌ನ್ಯಾಗ ಆ ಪಬ್ಲಿಕ್ ಕೀ ಸಾಲು ಅಳಿಸಿಬಿಡಬಹುದು. ಪಾಸ್‌ಫ್ರೇಸ್ ಬದ್ಲಿ ಮಾಡ್ಬೇಕನ್ಸಿದ್ರ ಕೀಜೆನ್‌ನ ಪಿ ಆಪ್ಷನ್‌ಲೆ ಮಾಡ್ರಿ, ಪಬ್ಲಿಕ್ ಕೀ ಹಂಗ ಇರ್ತೈತಿ, ಯಾವ ಸರ್ವರ್ ಮುಟ್ಟೋ ಗರಜಿಲ್ಲ.

ಕೀ ಹಳೆ ಆರ್‌ಎಸ್‌ಎ ನಮೂನಿದು ಮಾಡ್ಲೋ ಇಡಿ25519 ಮಾಡ್ಲೋ ಅನ್ನೋ ಜಗಳಕ್ಕ ಭಾಳ ಹೊತ್ತು ಬ್ಯಾಡ. ಹೆಚ್ಚಿನ ಮಷಿನ್‌ನ್ಯಾಗ ಇರೋ ಎಸ್‌ಎಸ್‌ಎಚ್ ಸಾಫ್ಟ್‌ವೇರ್ ಅಂದ್ರ ಓಪನ್‌ಎಸ್‌ಎಸ್‌ಎಚ್, ಅದಕ್ಕ ಇಡಿ25519 ಬಂದದ್ದು 2014ರಾಗ, 6.5 ಆವೃತ್ತಿಯೊಳಗ, ಆಮ್ಯಾಲಿನ ಯಾವ ಮಷಿನ್ ಇದ್ರೂ ಅದನ್ನ ಮಾಡ್ರಿ, ಪಬ್ಲಿಕ್ ಕೀ ಒಂದ ಸಣ್ಣ ಸಾಲಿನ್ಯಾಗ ಮುಗೀತೈತಿ. ಸೆಂಟ್‌ಓಎಸ್ 6 ಅನ್ನೋ ಹಳೆ ಲಿನಕ್ಸ್ ಕಾಲದ್ದು ಇನ್ನೂ ಎಲ್ಲೋ ಮೂಲ್ಯಾಗ ಓಡಾಕತ್ತಿದ್ರ ಅದಕ್ಕ ಇದು ಗೊತ್ತಾಗಂಗಿಲ್ಲ, 4096 ಬಿಟ್ ಆರ್‌ಎಸ್‌ಎ ಬ್ಯಾರೆ ಮಾಡಿ ಇಟ್ಕೊಳ್ರಿ. ಇನ್ನೊಂದು ಉಲ್ಟಾ ತ್ರಾಸು ಐತಿ, 2021ರಾಗ ಬಂದ 8.8 ಆವೃತ್ತಿಯಿಂದ ಶಾ-1 ಅನ್ನೋ ಹಳೆ ಹ್ಯಾಶ್ ಲೆಕ್ಕದ ಮ್ಯಾಲ ನಿಂತ ಆರ್‌ಎಸ್‌ಎ ಸಹಿ ಡಿಫಾಲ್ಟ್ ಆಗಿ ಬಂದ್ ಆಗೈತಿ, ಹಂಗಾಗಿ ಹೊಸ ಲ್ಯಾಪ್‌ಟಾಪ್‌ನಿಂದ ಹಳೆ ಮಷಿನ್‌ಗೆ ಹೋಗಾಕ ಬರವಲ್ದು ಅಂತಾರ. ಹಂಗಾದಾಗ ಆ ಒಂದು ಹೋಸ್ಟ್‌ಗೆ, ಅಂದ್ರ ಮಷಿನ್‌ಗಷ್ಟ ಕಾನ್ಫಿಗ್ ಫೈಲ್‌ನ್ಯಾಗ ಸಡಿಲ ಮಾಡ್ರಿ, ಎಲ್ಲಾದಕ್ಕೂ ಮಾಡಬ್ಯಾಡ್ರಿ.

ಇನ್ನ ಎಲ್ಲಾ ಬರೋಬ್ಬರಿ ಮಾಡಿದ್ರೂ ಮತ್ತ ಪಾಸ್‌ವರ್ಡ್ ಕೇಳಾಕತ್ತೈತಿ ಅನ್ನೋದು. ಹೆಚ್ಚಿನ ಸಲ ಇದು ಪರ್ಮಿಷನ್ ಗೊಂದಲ, ಅಂದ್ರ ಫೈಲ್ ಯಾರು ಓದ್ಬೇಕು ಯಾರು ಬರೀಬೇಕು ಅನ್ನೋ ಹಕ್ಕಿನದು. ಸರ್ವರ್ ಕಡೆ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್ 700, ಅದರೊಳಗಿನ ಆಥರೈಸ್ಡ್ ಕೀಸ್ ಫೈಲ್, ಅಂದ್ರ ಪಬ್ಲಿಕ್ ಕೀ ಸಾಲುಗಳಿರೋ ಫೈಲ್, 600 ಇರ್ಬೇಕು, ಇಷ್ಟು ಎಲ್ಲಾರೂ ಹೇಳ್ತಾರ, ಆದ್ರ ಹೋಮ್ ಫೋಲ್ಡರ್‌ಗೆ ಗ್ರೂಪ್‌ನವ್ರು ಬರೆಯೋ ಹಕ್ಕಿದ್ರೂ ಸರ್ವರ್ ಆ ಕೀ ನಂಬಂಗಿಲ್ಲ ಅನ್ನೋದು ಯಾರೂ ಹೇಳಂಗಿಲ್ಲ. ಕ್ಲೈಂಟ್ ಕಡೆ ಮೈನಸ್ ವಿ ಹಾಕಿ ನೋಡಿದ್ರ ಕೀ ತೋರಿಸ್ದೆ ಅಂತಷ್ಟ ಬರ್ತೈತಿ, ಯಾಕ ಬ್ಯಾಡಂತು ಅನ್ನೋದು ಬರಂಗಿಲ್ಲ. ಸರ್ವರ್‌ನ ಆಥ್ ಲಾಗ್ ತೆರದ್ರ ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್ ಅಂತ ಸಾಲು ಕುಂತಿರ್ತೈತಿ, ಅದರ ಮುಂದ ಯಾವ ಫೋಲ್ಡರ್ ಅಂತನೂ ಬರದಿರ್ತೈತಿ. ಅದನ್ನ ಸರಿ ಮಾಡಿದ್ರ ಆತು.

ವಿಂಡೋಸ್‌ನವ್ರಿಗೆ ಒಂದಿಷ್ಟು. ವಿಂಡೋಸ್ 10 ಮತ್ತ 11ರಾಗ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಸಿಗ್ತೈತಿ, ಪವರ್‌ಶೆಲ್‌ನ್ಯಾಗ ಸೀದಾ ಎಸ್‌ಎಸ್‌ಎಚ್ ಅಂತ ಹೊಡದ್ರ ನಡೀತೈತಿ. ಏಜೆಂಟ್ ಸರ್ವಿಸ್ ಮಾತ್ರ ಡಿಸೇಬಲ್ ಆಗಿರ್ತೈತಿ, ಸರ್ವಿಸಸ್‌ಗೆ ಹೋಗಿ ಆಟೋಮ್ಯಾಟಿಕ್ ಮಾಡ್ರಿ. ಕಾಪಿ-ಐಡಿ ಕಮಾಂಡ್ ಅಲ್ಲಿಲ್ಲ, ಪಬ್ಲಿಕ್ ಕೀ ಸಾಲು ಕಾಪಿ ಮಾಡಿ ಕೈಲೆ ಅಂಟಿಸ್ಬೇಕು. ವಿಂಡೋಸ್‌ನ್ನ ಸರ್ವರ್ ಮಾಡಿದ್ರ ಇನ್ನೊಂದು ಗಂಟು ಐತಿ: ಲಾಗಿನ್ ಆಗೋ ಅಕೌಂಟ್ ಅಡ್ಮಿನ್ ಆಗಿದ್ರ ಅದರ ಕೀ ಯೂಸರ್ ಫೋಲ್ಡರ್‌ನ್ಯಾಗ ಹುಡುಕಂಗಿಲ್ಲ, ಪ್ರೋಗ್ರಾಂಡೇಟಾ ಒಳಗಿನ ಎಸ್‌ಎಸ್‌ಎಚ್ ಫೋಲ್ಡರ್‌ನ್ಯಾಗ ಅಡ್ಮಿನಿಸ್ಟ್ರೇಟರ್ಸ್ ಆಥರೈಸ್ಡ್ ಕೀಸ್ ಅನ್ನೋ ಬ್ಯಾರೆ ಫೈಲ್‌ನ್ಯಾಗ ಹುಡುಕ್ತೈತಿ. ಪುಟ್ಟಿ ಅನ್ನೋ ಎಸ್‌ಎಸ್‌ಎಚ್ ಪ್ರೋಗ್ರಾಂ ರೂಢಿ ಇದ್ದವ್ರಿಗೆ ಏಜೆಂಟ್ ಅಂದ್ರ ಪೇಜೆಂಟ್, ಕೀ ಫೈಲ್ ಪಿಪಿಕೆ ನಮೂನಿ ಇರ್ತೈತಿ, ಬ್ಯಾರೆ ಕಡೆ ಬೇಕಾದ್ರ ಪುಟ್ಟಿಜೆನ್‌ನ್ಯಾಗ ಓಪನ್‌ಎಸ್‌ಎಸ್‌ಎಚ್ ನಮೂನಿಗೆ ತಗೋಬೇಕು.

ಒಂದು ಮಷಿನ್ ದಾಟಿ ಇನ್ನೊಂದಕ್ಕ ಹೋಗೋರು ಏಜೆಂಟ್ ಫಾರ್ವರ್ಡಿಂಗ್ ಹಾಕ್ತಾರ, ಅಂದ್ರ ಲ್ಯಾಪ್‌ಟಾಪ್‌ನ ಏಜೆಂಟ್ ನಡುವಿನ ಮಷಿನ್‌ಗೂ ಸಿಗೂಹಂಗ ಮಾಡ್ತಾರ. ಅದು ಬ್ಯಾಡ. ನಡುವಿನ ಮಷಿನ್‌ನ್ಯಾಗ ರೂಟ್ ಹಕ್ಕಿದ್ದಾಂವ, ಅಂದ್ರ ಪೂರಾ ಅಧಿಕಾರ ಇದ್ದಾಂವ, ನೀವು ಕನೆಕ್ಟ್ ಇರೋತನಕ ನಿಮ್ಮ ಏಜೆಂಟ್‌ನ್ನ ತನ್ನ ಕೆಲಸಕ್ಕ ಬಳಸಬಹುದು. ನಡುವಿನ ಮಷಿನ್‌ನ್ನ ಬರೇ ದಾರಿ ಮಾಡೋ ಪ್ರಾಕ್ಸಿಜಂಪ್ ಹಾಕಿದ್ರ ಅದ ಕೆಲಸ ಆಗ್ತೈತಿ, ಈ ತ್ರಾಸು ಇರಂಗಿಲ್ಲ.

ಪಾಸ್‌ಫ್ರೇಸ್ ಇಲ್ದ ಕೀ ಯಾವಾಗ ಸರಿ

ಸ್ಕ್ರಿಪ್ಟ್‌ಗೆ ಸರಿ, ಮನುಷ್ಯಾಗ ಬ್ಯಾಡ. ಕೆಲವ್ರು ಸ್ಕ್ರಿಪ್ಟ್‌ಗೂ ಏಜೆಂಟ್ ಕಟ್ಟಾಕ ನೋಡ್ತಾರ, ಅದು ನಮ್ಮ ಕಡೆ ನಡಿಯಂಗಿಲ್ಲ. ಬ್ಯಾಸಗಿ ಕಡೀಕ ಗಾಳಿ ಮಳಿ ಬಂತಂದ್ರ ಕರೆಂಟ್ ಹೋಗ್ತೈತಿ, ಯುಪಿಎಸ್ ಸ್ವಲ್ಪ ಹೊತ್ತು ತಡದು ಅದೂ ಕೈ ಎತ್ತೈತಿ, ಕರೆಂಟ್ ಬಂದಮ್ಯಾಲ ಮಷಿನ್ ತಾನ ಸುರು ಆದ್ರೂ ಏಜೆಂಟ್ ಖಾಲಿ ಇರ್ತೈತಿ, ಅವತ್ತು ರಾತ್ರಿ ಬ್ಯಾಕಪ್ ಆಗಂಗಿಲ್ಲ, ಆಗಿಲ್ಲ ಅಂತ ಗೊತ್ತಾಗೋದು ಫೈಲ್ ಬೇಕಾದ ದಿನ. ಹಂಗಾಗಿ ಸ್ಕ್ರಿಪ್ಟ್‌ಗೆ ಪಾಸ್‌ಫ್ರೇಸ್ ಇಲ್ಲದ ಕೀನ ಕೊಡ್ರಿ, ಆದ್ರ ಅದಕ್ಕಂತನ ಬ್ಯಾರೆ ಕೀ ಮಾಡಿ, ಕೈ ಕಟ್ಟಿ ಕೊಡ್ರಿ.

ಕೈ ಕಟ್ಟೋದು ಹೆಂಗಂದ್ರ, ಆಥರೈಸ್ಡ್ ಕೀಸ್ ಫೈಲ್‌ನ್ಯಾಗ ಆ ಕೀ ಸಾಲಿನ ಮುಂದ ರೆಸ್ಟ್ರಿಕ್ಟ್ ಅಂತ ಬರದ್ರ ಪೋರ್ಟ್ ಫಾರ್ವರ್ಡಿಂಗ್, ಏಜೆಂಟ್ ಫಾರ್ವರ್ಡಿಂಗ್, ಟರ್ಮಿನಲ್ ಎಲ್ಲಾ ಬಂದ್ ಆಗ್ತಾವ. ಕಮಾಂಡ್ ಅಂತ ಬರದು ಒಂದ ಒಂದು ಕಮಾಂಡ್ ಕಟ್ಟಿಬಿಟ್ರ ಆ ಕೀ ಹಿಡ್ಕೊಂಡು ಯಾರ ಬಂದ್ರೂ ಅಷ್ಟ ಓಡ್ತೈತಿ, ಬ್ಯಾರೆ ಏನ್ ಹೇಳಿದ್ರೂ ಕೇಳಂಗಿಲ್ಲ. ಫ್ರಮ್ ಅಂತ ಬರದು ಐಪಿ ಹಾಕಿದ್ರ ಆ ಐಪಿಯಿಂದ ಬಂದ್ರಷ್ಟ ಒಳಗ ಬಿಡ್ತೈತಿ. ಫೈಲ್ ಕಾಪಿ ಮಾಡೋ ಆರ್‌ಸಿಂಕ್ ಜೋಡಿ ಆರ್‌ಆರ್‌ಸಿಂಕ್ ಅನ್ನೋ ಸಣ್ಣ ಸ್ಕ್ರಿಪ್ಟ್ ಬರ್ತೈತಿ, ಅದನ್ನ ಆ ಕಮಾಂಡ್ ಜಾಗಾದಾಗ ಇಟ್ಟು ಒಂದು ಫೋಲ್ಡರ್‌ಗಷ್ಟ, ಅದೂ ಬರೇ ಓದಾಕಷ್ಟ ಅಂತ ಮಿತಿ ಹಾಕಬಹುದು.

ಬ್ಯಾಕಪ್ ಯಾವ ಕಡೆಯಿಂದ ಯಾವ ಕಡೆಗೆ ಅನ್ನೋದು ಇಲ್ಲೇ ತೀರ್ಮಾನ ಮಾಡ್ರಿ. ಆಫೀಸ್ ಮಷಿನ್ ತಾನ ಹೋಗಿ ಬ್ಯಾಕಪ್ ಮಷಿನ್‌ಗೆ ಹಾಕ್ತೈತಿ ಅಂದ್ರ, ಆಫೀಸ್ ಮಷಿನ್‌ಗೆ ರ‍್ಯಾನ್ಸಮ್‌ವೇರ್ ಅನ್ನೋ, ಫೈಲ್ ಕಟ್ಟಿಹಾಕಿ ರೊಕ್ಕ ಕೇಳೋ ವೈರಸ್ ಬಡದ ದಿನ ಅದ ಕೀ ಹಿಡ್ಕೊಂಡು ಬ್ಯಾಕಪ್‌ನೂ ಹಾಳು ಮಾಡಬಹುದು. ಬ್ಯಾಕಪ್ ಮಷಿನ್ ತಾನ ಬಂದು, ಬರೇ ಓದೋ ಹಕ್ಕಿನ ಕೀಲೆ ಎಳ್ಕೊಂಡು ಹೋಗೂಹಂಗ ಮಾಡಿದ್ರ ಆಫೀಸ್ ಮಷಿನ್ ಹತ್ರ ಬ್ಯಾಕಪ್ ಮುಟ್ಟೋ ಯಾವ ಕೀನೂ ಇರಂಗಿಲ್ಲ. ಆದ್ರ ಹಳೇ ಪ್ರತಿಗಳನ್ನ ದಿನದ ಲೆಕ್ಕದಾಗ ಬ್ಯಾರೆ ಬ್ಯಾರೆ ಇಡ್ರಿ, ಇಲ್ಲಂದ್ರ ಹಾಳಾದ ಫೈಲ್‌ನ ಎಳ್ಕೊಂಡು ಛಲೋ ಇದ್ದದ್ದರ ಮ್ಯಾಲ ಬರೀತೈತಿ. ಬಾಗಲಕೋಟ ನವನಗರದಾಗ ಟ್ಯಾಕ್ಸ್ ಕೆಲಸ ಮಾಡೋ ಆಫೀಸ್ ಇರಲಿ, ರಬಕವಿ-ಬನಹಟ್ಟಿಯೊಳಗ ಸೀರಿ ಡಿಸೈನ್ ಫೈಲ್ ಇಟ್ಕೊಂಡ ನೇಕಾರ್ರು ಇರಲಿ, ಅವರ ದುಡಿಮಿ ಎಲ್ಲಾ ಆ ಫೈಲ್‌ನ್ಯಾಗ ಐತಿ, ಇದೊಂದು ಎಳಿಯೋ ಪದ್ಧತಿ ಮಾಡಿಕೊಟ್ರ ಅವ್ರಿಗೆ ದೊಡ್ಡ ಉಪಕಾರ.

ಹಾರ್ಡ್‌ವೇರ್ ಕೀ

ಯುಬಿಕೀ ಅಂಥ ಯುಎಸ್‌ಬಿ ಸಾಧನಲೆ ಫಿಡೋ ಅನ್ನೋ ಪದ್ಧತಿಯೊಳಗ ಲಾಗಿನ್ ಆಗೋ ಸೌಲಭ್ಯ ಓಪನ್‌ಎಸ್‌ಎಸ್‌ಎಚ್ 8.2ಕ್ಕ ಬಂತು, 2020ರ ಫೆಬ್ರುವರಿಯೊಳಗ. ಲಾಗಿನ್ ಆಗುವಾಗ ಅದನ್ನ ಬೆರಳಿಲೆ ಮುಟ್ಟಬೇಕು, ಮುಟ್ಟದ ಸಹಿ ಆಗಂಗಿಲ್ಲ. ಲ್ಯಾಪ್‌ಟಾಪ್‌ನ್ಯಾಗ ವೈರಸ್ ಹೊಕ್ಕು ಇದ್ದಬದ್ದ ಫೈಲ್ ಎಲ್ಲಾ ಕಾಪಿ ಮಾಡಿದ್ರೂ ಈ ಕೀ ಕದಿಯಾಕ ಬರಂಗಿಲ್ಲ, ಇದೊಂದು ಗುಣ ಬ್ಯಾರೆ ಯಾವ ದಾರಿಗೂ ಇಲ್ಲ.

ಕೊರತಿ ಏನಂದ್ರ, ಒಂದೊಂದಕ್ಕ ಸಾವಿರಗಟ್ಟಲೆ ಬೀಳ್ತೈತಿ, ಒಂದು ಕಳದ್ರ ಸಿಕ್ಕೊಳ್ಬಾರ್ದಂತ ಎರಡು ತಗೋಬೇಕು, ಎರಡರ ಪಬ್ಲಿಕ್ ಕೀನೂ ಸರ್ವರ್‌ಗೆ ಹಾಕಿ ಒಂದನ್ನ ಮನ್ಯಾಗ ಟ್ರೆಜರಿಯೊಳಗ ಇಡಬೇಕು. ಮತ್ತ ಆ ಕಡೆ ಸರ್ವರ್‌ಗೂ 8.2 ಇಲ್ಲಾ ಅದಕ್ಕಿಂತ ಹೊಸದು ಬೇಕು. ಉಬುಂಟು 20.04 ಆದ್ರ ನಡೀತೈತಿ, ಸೆಂಟ್‌ಓಎಸ್ 7ರಾಗ 7.4 ಐತಿ, ಅದಕ್ಕ ಇದು ತಿಳಿಯಂಗಿಲ್ಲ. ಹೊರಗಿನ ಗಿರಾಕಿಗಳ ಸರ್ವರ್ ನಿಮ್ಮ ಕೈಯಾಗ ಇದ್ರ, ಹತ್ತಾರು ಮಂದಿ ಡೇಟಾ ನಿಮ್ಮ ಮ್ಯಾಲ ನಂಬಿಕಿ ಇಟ್ಟು ಕೊಟ್ಟಿದ್ರ, ಈ ಖರ್ಚು ಮಾಡ್ರಿ ಅಂತ ನಾ ಒತ್ತಿ ಹೇಳ್ತೀನಿ. ಕಲಿಯೋ ಹುಡುಗ್ರಿಗೆ ಈಗ ಗರಜಿಲ್ಲ.

ಮಂದಿ ಜಾಸ್ತಿ ಆದ್ರ ಸರ್ಟಿಫಿಕೇಟ್

ಐದು ಮಂದಿ, ಮೂರು ಮಷಿನ್ ಇದ್ರ ಎಲ್ಲಾರ ಪಬ್ಲಿಕ್ ಕೀ ಕೈಲೆ ಹಾಕಬಹುದು. ಮೂವತ್ತು ಮಂದಿ, ನಲವತ್ತು ಮಷಿನ್ ಆದ್ರ ಯಾರ ಕೀ ಎಲ್ಲೆಲ್ಲಿ ಐತಿ ಅಂತ ಯಾರಿಗೂ ಗೊತ್ತಿರಂಗಿಲ್ಲ, ಕೆಲಸ ಬಿಟ್ಟು ಹೋದವ್ರ ಕೀನೂ ಹಂಗ ಉಳೀತಾವ. ಅಲ್ಲಿ ಎಸ್‌ಎಸ್‌ಎಚ್ ಸರ್ಟಿಫಿಕೇಟ್ ಛಲೋ. ಬ್ಯಾರೆ ಕೀಗಳಿಗೆ ಸಹಿ ಹಾಕೋ ಒಂದು ಒಡೆಯ ಕೀ, ಅಂದ್ರ ಸಿಎ ಕೀ ಮಾಡಿ ಎಲ್ಲಾ ಸರ್ವರ್‌ಗೂ ಇದನ್ನ ನಂಬು ಅಂತ ಹೇಳಿಬಿಡೋದು, ಮಂದಿಯ ಕೀಗೆ ಆ ಸಿಎಲೆ ಸಹಿ ಮಾಡಿಕೊಡೋದು, ಜೋಡಿಗೆ ಮುಗಿಯೋ ತಾರೀಕು ಹಾಕೋದು. ವಾರದ ಮಿತಿ ಹಾಕಿದ್ರ ವಾರ ಆದಮ್ಯಾಲ ಅದು ತಾನ ಸಾಯ್ತೈತಿ, ತಡೀಲಿಕ್ಕ ಆಗದಿದ್ರ ರಿವೋಕೇಷನ್, ಅಂದ್ರ ರದ್ದಾದ ಕೀಗಳ ಪಟ್ಟಿಯೊಳಗ ಹಾಕಬಹುದು. ಎಸ್‌ಎಸ್‌ಎಚ್-ಕೀಜೆನ್ ಒಂದರಿಂದನ ಇದೆಲ್ಲಾ ಆಗ್ತೈತಿ, ಬ್ಯಾರೆ ಸಾಫ್ಟ್‌ವೇರ್ ಕೊಳ್ಳೋದಿಲ್ಲ. ಆದ್ರ ಆ ಸಿಎ ಕೀ ಬ್ಯಾರೆಯವ್ರ ಕೈಗೆ ಹೋತಂದ್ರ ಎಲ್ಲಾ ಮಷಿನ್ ಹೋದಂಗ, ಅದನ್ನ ಜೋಪಾನ ಮಾಡೋ ಒಬ್ಬ ಜವಾಬ್ದಾರಿ ಮನುಷ್ಯ ಇಲ್ದಿದ್ರ ಈ ದಾರಿಗೆ ಕೈ ಹಾಕಬ್ಯಾಡ್ರಿ.

ಹೋಸ್ಟ್ ನಂಬಿ ಒಳಗ ಬಿಡೋ ಹಳೆ ಪದ್ಧತಿನೂ ಐತಿ. ಆರ್‌ಲಾಗಿನ್ ಕಾಲದಾಗ ಮಷಿನ್ ಹೆಸರು ನೋಡಿನ ಬಿಡ್ತಿದ್ರು, ನೆಟ್‌ವರ್ಕ್‌ನ್ಯಾಗ ಪಾಸ್‌ವರ್ಡ್ ಕದಿಯೋದು ನೋಡಿ 1995ರಾಗ ಹೆಲ್ಸಿಂಕಿಯ ತಾತು ಇಲೊನೆನ್ ಎಸ್‌ಎಸ್‌ಎಚ್ ಬರದದ್ದು ಇಂಥವುಗಳ ಬದ್ಲಿಗೆ. ಎಸ್‌ಎಸ್‌ಎಚ್‌ನ ಹೋಸ್ಟ್‌ಬೇಸ್ಡ್ ಪದ್ಧತಿ ಕೀ ನೋಡ್ತೈತಿ ಖರೆ, ಆದ್ರ ಒಂದ ಕೋಲಿಯೊಳಗ ಕೂಡಿ ಕೆಲಸ ಮಾಡೋ ಮಷಿನ್‌ಗಳ ಗುಂಪು (ಕ್ಲಸ್ಟರ್) ಬಿಟ್ರ ಅದು ಬೇಕಾಗಂಗಿಲ್ಲ.

ಹೊರಗಿನಿಂದ ದಾರಿನ ಇಲ್ಲಂದ್ರ

ಕೀ ಎಲ್ಲಾ ಸರಿ ಐತಿ, ಆಫೀಸಿನ್ಯಾಗ ಕುಂತ್ರ ಆಗ್ತೈತಿ, ಮನಿಯಿಂದ ಆಗವಲ್ದು ಅಂತಾರ. ರೂಟರ್ ಪೇಜ್‌ನ್ಯಾಗ ವ್ಯಾನ್ ಐಪಿ, ಅಂದ್ರ ಇಂಟರ್ನೆಟ್ ಕಂಪನಿ ಕೊಟ್ಟ ವಿಳಾಸ ನೋಡ್ರಿ, 100.64ರಿಂದ 100.127ರ ಒಳಗ ಸುರು ಆಗಿದ್ರ ನಿಮಗ ಪಬ್ಲಿಕ್ ಐಪಿ ಕೊಟ್ಟಿಲ್ಲ, ಒಂದ ಐಪಿ ಹಿಂದ ಭಾಳ ಗಿರಾಕಿಗಳನ್ನ ಕೂಡ್ಸ್ಯಾರ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದ್ರೂ ಹೊರಗಿನಿಂದ ಒಳಗ ಬರಾಕ ಆಗಂಗಿಲ್ಲ. ಸ್ಟ್ಯಾಟಿಕ್ ಐಪಿ ಕೇಳಿದ್ರ ಬ್ಯಾರೆ ರೊಕ್ಕ ಕೇಳ್ತಾರ.

ಇಲ್ಲಿ ಟೇಲ್‌ಸ್ಕೇಲ್ ಖರೇನ ಉಪಯೋಗ ಐತಿ. ವೈರ್‌ಗಾರ್ಡ್ ಅನ್ನೋ ವಿಪಿಎನ್ ಮ್ಯಾಲ ಕಟ್ಟಿದ್ದು, ಎರಡೂ ಮಷಿನ್‌ಗೆ ಹಾಕಿ ಒಂದ ಅಕೌಂಟ್‌ಲೆ ಲಾಗಿನ್ ಆದ್ರ ಅವು ಒಂದ ನೆಟ್‌ವರ್ಕ್‌ನ್ಯಾಗ ಇದ್ದಂಗ ಮಾತಾಡ್ತಾವ, ಒಬ್ಬೊಬ್ರ ಸ್ವಂತ ಬಳಕಿಗೆ ಪುಕ್ಕಟೆ ಪ್ಲಾನ್ ಐತಿ. ಅದರೊಳಗ ಟೇಲ್‌ಸ್ಕೇಲ್ ಎಸ್‌ಎಸ್‌ಎಚ್ ಅನ್ನೋ ಸೌಲಭ್ಯ ಬ್ಯಾರೆ, ಅದನ್ನ ಹಾಕಿದ್ರ ನಿಮ್ಮ ಗೂಗಲ್ ಇಲ್ಲಾ ಮೈಕ್ರೋಸಾಫ್ಟ್ ಅಕೌಂಟ್ ಗುರುತಿನ ಮ್ಯಾಲನ ಒಳಗ ಬಿಡ್ತೈತಿ, ಕೀ ಫೈಲ್ ಬೇಕಾಗಂಗಿಲ್ಲ. ಅನುಕೂಲ ಭಾಳ, ಆದ್ರ ಅವತ್ತಿನಿಂದ ನಿಮ್ಮ ಸರ್ವರ್ ನಿಮ್ಮ ಮೇಲ್ ಅಕೌಂಟ್‌ನಷ್ಟ ಭದ್ರ, ಮೇಲ್ ಯಾರರ ಕೈಗೆ ಹೋದ್ರ ಸರ್ವರ್‌ನೂ ಹೋತು. ನನ್ನ ಮಾತು ಕೇಳಿದ್ರ ಟೇಲ್‌ಸ್ಕೇಲ್‌ನ ಬರೇ ದಾರಿಗೆ ಇಟ್ಕೊಳ್ರಿ, ಒಳಗ ಬಿಡೋ ಕೆಲಸ ನಿಮ್ಮ ಮಾಮೂಲಿ ಕೀನ ಮಾಡ್ಲಿ. ಎರಡೂ ಬ್ಯಾರೆ ಬ್ಯಾರೆ ಕಡೆ ಇರ್ತಾವ, ಒಂದು ಹೋದ್ರೂ ಇನ್ನೊಂದು ತಡೀತೈತಿ.

ಹೊರಗಿನ ಕಂಪನಿ ಮ್ಯಾಲ ಅವಲಂಬಿಸೋದು ಬ್ಯಾಡ ಅನ್ನೋರು ತಿಂಗಳಿಗೆ ಕೆಲವು ನೂರು ರೂಪಾಯಿ ಕೊಟ್ಟು ಒಂದು ಸಣ್ಣ ವಿಪಿಎಸ್, ಅಂದ್ರ ಬಾಡಿಗಿ ಸರ್ವರ್ ತಗೊಂಡು ಅದರ ಮ್ಯಾಲ ವೈರ್‌ಗಾರ್ಡ್ ತಾವ ಹಾಕ್ಕೋಬಹುದು, ಇಲ್ಲಾ ಆಫೀಸ್ ಮಷಿನ್‌ನಿಂದ ಆ ವಿಪಿಎಸ್‌ಗೆ ರಿವರ್ಸ್ ಟನಲ್ ಕಟ್ಟಬಹುದು. ಅದನ್ನ ಅಪ್‌ಡೇಟ್ ಮಾಡ್ಕೋತ ಇರೋ ಕೆಲಸ ನಿಮ್ಮದ ಆಗ್ತೈತಿ.

ಹಂಗಾದ್ರ ಯಾರಿಗೆ ಯಾವ್ದು

ವಿಜಯಪುರದಾಗ ಇಂಜಿನಿಯರಿಂಗ್ ಓದೋ ತಮ್ಮ ತಂಗಿಯರಿಗೆ, ಹಾಸ್ಟೆಲ್ ಲ್ಯಾಪ್‌ಟಾಪ್‌ನಿಂದ ಲ್ಯಾಬ್ ಮಷಿನ್‌ಗೆ ಇಲ್ಲಾ ಗಿಟ್‌ಹಬ್‌ಗೆ ಹೋಗಾಕ ಪಾಸ್‌ಫ್ರೇಸ್ ಇರೋ ಇಡಿ25519 ಮತ್ತ ಏಜೆಂಟ್, ಅಷ್ಟ ಸಾಕು. ರೂಮ್‌ಮೇಟ್ ಜೋಡಿ ಒಂದ ಕೀ ಹಂಚ್ಕೋಬ್ಯಾಡ್ರಿ, ಲ್ಯಾಬಿನ ಎಲ್ಲಾರೂ ಬಳಸೋ ಮಷಿನ್‌ನ್ಯಾಗ ಪ್ರೈವೇಟ್ ಕೀ ಬಿಟ್ಟು ಬರಬ್ಯಾಡ್ರಿ. ನವನಗರದ ಆಫೀಸಿಗೆ ಕುಂದರೋ ಮಂದಿಗೆಲ್ಲ ಅವರವರ ಕೀ, ಬ್ಯಾಕಪ್‌ಗೆ ಕೈ ಕಟ್ಟಿದ ಬ್ಯಾರೆ ಕೀ, ಮನಿಯಿಂದ ಬೇಕಾದ್ರ ಟೇಲ್‌ಸ್ಕೇಲ್. ಬೆಳಗಾವಿ ಉದ್ಯಮಬಾಗದ ವರ್ಕ್‌ಶಾಪ್‌ನ್ಯಾಗ ಡ್ರಾಯಿಂಗ್ ಸರ್ವರ್ ಐತಿ, ಶಿಫ್ಟ್‌ಗೊಬ್ರು ಬರ್ತಾರ ಅಂದ್ರ ಎಲ್ಲಾರಿಗೂ ಒಂದ ಲಾಗಿನ್ ಕೊಡೋ ರೂಢಿ ಮೊದ್ಲ ಬಿಡಸ್ರಿ, ಒಬ್ಬೊಬ್ರಿಗೆ ಒಂದೊಂದು ಯೂಸರ್, ಒಂದೊಂದು ಕೀ. ಮಂದಿ ಬೆಳದಂಗ ಸರ್ಟಿಫಿಕೇಟ್ ಕಡೆ ಹೋಗ್ರಿ. ಊರಿಂದನ ಕುಂತು ಹೊರಗಿನ ಕಂಪನಿಗಳ ಸರ್ವರ್ ನೋಡ್ಕೊಳ್ಳೋರು ಎರಡು ಹಾರ್ಡ್‌ವೇರ್ ಕೀ ತಗೋರಿ.

ಯಾವ ದಾರಿ ಹಿಡದ್ರೂ ಕೀ ಕೆಲಸ ಮಾಡಾಕತ್ತಮ್ಯಾಲ ಪಾಸ್‌ವರ್ಡ್ ಬಂದ್ ಮಾಡದಿದ್ರ ಬಾಟ್‌ಗಳಿಗೆ ಏನೂ ಫರಕ್ ಬೀಳಂಗಿಲ್ಲ. ಸರ್ವರ್‌ನ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲ್‌ನ್ಯಾಗ ಪಾಸ್‌ವರ್ಡ್ ಆಥೆಂಟಿಕೇಷನ್ ನೋ ಅಂತ ಹಾಕ್ರಿ, ಕೀಬೋರ್ಡ್ ಇಂಟರ‍್ಯಾಕ್ಟಿವ್ ಅನ್ನೋದನ್ನೂ ನೋ ಮಾಡ್ರಿ. ಕ್ಲೌಡ್‌ನಿಂದ ತಗೊಂಡ ಉಬುಂಟು ಮಷಿನ್ ಆದ್ರ ಕಾನ್ಫಿಗ್ ಡಾಟ್ ಡಿ ಫೋಲ್ಡರ್‌ನ್ಯಾಗ ಮೊದಲ ಸೆಟಪ್ ಮಾಡೋ ಕ್ಲೌಡ್-ಇನಿಟ್ ಪ್ರೋಗ್ರಾಂ ಹಾಕಿದ ಒಂದು ಫೈಲ್ ಪಾಸ್‌ವರ್ಡ್‌ಗೆ ಎಸ್ ಅಂತ ಬರದಿರಬಹುದು, ಮೊದ್ಲ ಓದಿದ್ದ ಗೆಲ್ತೈತಿ, ನೀವು ಕೆಳಗ ನೋ ಅಂತ ಬರದ್ರೂ ನಡಿಯಂಗಿಲ್ಲ. ಎಸ್‌ಎಸ್‌ಎಚ್‌ಡಿಗೆ ಕ್ಯಾಪಿಟಲ್ ಟಿ ಆಪ್ಷನ್ ಕೊಟ್ರ ಖರೇ ಜಾರಿಯಾಗೋ ಸೆಟಿಂಗ್ ಏನೈತಿ ಅಂತ ಹೇಳ್ತೈತಿ, ಅದನ್ನ ನೋಡ್ರಿ. ಈಗ ತೆರದಿರೋ ಸೆಷನ್ ಮುಚ್ಚದ ಸರ್ವಿಸ್ ರೀಸ್ಟಾರ್ಟ್ ಮಾಡಿ, ಬ್ಯಾರೆ ಟರ್ಮಿನಲ್‌ನಿಂದ ಹೊಸದಾಗಿ ಲಾಗಿನ್ ಆಗಿ ನೋಡ್ರಿ, ಅದು ಒಳಗ ಹೋದಮ್ಯಾಲ ಹಳೇ ಸೆಷನ್ ಬಂದ್ ಮಾಡ್ರಿ.